ದಕ್ಕಿದ ರಕ್ಷಣೆ ಕೈತಪ್ಪೀತೇ? ಗಂಗೊಳ್ಳಿ–ಬ್ರಹ್ಮಾವರ ಕರಾವಳಿಯ ಕ್ರೈಸ್ತ ಚರಿತ್ರೆಯಲ್ಲಿ ಒಂದು ಪ್ರಶ್ನೆ

ರಾಷ್ಟ್ರೀಯ ಹೆದ್ದಾರಿ 66ರಿಂದ ಕೊಲ್ಲೂರಿನ ದಾರಿ ಕವಲೊಡೆಯುವ ಊರು ಹೆಮ್ಮಾಡಿ. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆಂದು ತನ್ನ ಗದ್ದೆಗಳಲ್ಲಿ ಅರಳಿಸುವ ಸೇವಂತಿಗೆಗೆ ಅದು ಹೆಸರಾಗಿದೆ. ಈ ಊರನ್ನು ನಡುವಿಟ್ಟು ಸುತ್ತ ನೋಡಿದರೆ ಪಂಚಗಂಗಾವಳಿಯು ಕಡಲು ಸೇರುವಲ್ಲಿ ಗಂಗೊಳ್ಳಿ, ಅದರ ಎದುರು ದಡದಲ್ಲಿ ಕುಂದಾಪುರ, ವಾರಾಹಿಯ ದಂಡೆಯ ಹಳೆಯ ಬಂದರು ಬಸ್ರೂರು, ಇನ್ನೂ ತೆಂಕಲಿಗೆ ಬಾರ್ಕೂರು, ಬ್ರಹ್ಮಾವರ, ಕಲ್ಯಾಣಪುರಗಳು ಕಾಣುತ್ತವೆ. ಒಂದು ದಿನದ ನಡಿಗೆಗೆ ಸ್ವಲ್ಪ ಮಿಕ್ಕ ಈ ಕಡಲಂಚಿನಲ್ಲಿ ಕ್ರೈಸ್ತಮತಕ್ಕೆ ನಾಲ್ಕೂವರೆ ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯುದ್ದಕ್ಕೂ ಒಂದು ಪ್ರಶ್ನೆ ಬೇರೆ ಬೇರೆ ರೂಪ ತಾಳಿ ಮತ್ತೆ ಮತ್ತೆ ಎದ್ದು ನಿಂತಿದೆ. ದೀಕ್ಷಾಸ್ನಾನ ಪಡೆದು ದೇವರ ಮಕ್ಕಳೆನಿಸಿದವರಿಗೆ ದಕ್ಕಿದ ರಕ್ಷಣೆ, ಎಂದರೆ ಪಾಪದಿಂದಲೂ ನಿತ್ಯಮರಣದಿಂದಲೂ ಬಿಡುಗಡೆ, ಮುಂದೆ ಎಂದಾದರೂ ಅವರ ಕೈತಪ್ಪಿ ಹೋಗಬಹುದೇ, ಹೋದರೆ ಮರಳಿ ದೊರೆಯುವ ಬಗೆ ಯಾವುದು, ಅದನ್ನು ಮರಳಿಸಿ ಕೊಡುವ ಅಧಿಕಾರ ಯಾರದು ಎಂಬುದೇ ಆ ಪ್ರಶ್ನೆ.

ಯುರೋಪಿನ ವಿದ್ಯಾಪೀಠಗಳಲ್ಲಿ ಇದು ದೇವಶಾಸ್ತ್ರದ ತರ್ಕವಾಗಿ ಬೆಳೆಯಿತು. ಕರಾವಳಿಯಲ್ಲಿ ಅದು ಯಾವ ಪಾದ್ರಿಯ ಮುಂದೆ ಮೊಣಕಾಲೂರಬೇಕು, ಬಲವಂತದಿಂದ ಮತ ಬಿಟ್ಟವನನ್ನು ಮತ್ತೆ ಪಂಕ್ತಿಗೆ ಸೇರಿಸುವುದು ಹೇಗೆ, ಸತ್ತವನನ್ನು ಯಾವ ಮಣ್ಣಿನಲ್ಲಿ ಹೂಳಬೇಕು ಎಂಬ ಮನೆಮಾತಿನ ಸಂಕಟಗಳಾಗಿ ಬಂದಿತು. ಇಂಥ ಸಂಕಟಗಳ ಮೂಲಕ ನೋಡಿದಾಗಲೇ ಈ ಸಿದ್ಧಾಂತದ ನಿಜವಾದ ಭಾರ ತಿಳಿಯುತ್ತದೆ.

ಪ್ರಶ್ನೆಯ ಬೇರು ಬೈಬಲಿನಲ್ಲಿಯೇ ಇದೆ. ತನ್ನ ಕುರಿಗಳನ್ನು ತನ್ನ ಕೈಯಿಂದ ಯಾರೂ ಕಸಿದುಕೊಳ್ಳಲಾರರೆಂಬ ಯೇಸುವಿನ ಭರವಸೆ ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುತ್ತದೆ. ಆದರೆ ಒಮ್ಮೆ ಬೆಳಕನ್ನು ಕಂಡು, ಪವಿತ್ರಾತ್ಮನಲ್ಲಿ ಪಾಲುಗೊಂಡು ಆಮೇಲೆ ಜಾರಿಬಿದ್ದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂಬ ಕಠೋರ ಎಚ್ಚರಿಕೆಯೂ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿದೆ. ಈ ಎರಡು ಮಾತುಗಳ ನಡುವಿನ ಬಿಗುವು ಮೊದಲ ಬಾರಿಗೆ ಬೀದಿಗೆ ಬಂದದ್ದು ಕ್ರಿ.ಶ. 250ರಲ್ಲಿ. ಆ ವರ್ಷ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲ ಪ್ರಜೆಗಳೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಿ ಅದಕ್ಕೆ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಹೆದರಿ ಬಲಿಯಿತ್ತವರನ್ನೂ ಲಂಚ ಕೊಟ್ಟು ಪತ್ರ ಕೊಂಡವರನ್ನೂ ಸಭೆಯು 'ಬಿದ್ದವರು' ಎಂದು ಕರೆಯಿತು. ಅವರಿಗೆ ಮರಳುವ ದಾರಿಯೇ ಇಲ್ಲವೆಂದು ರೋಮಿನ ನೊವೇಶಿಯನ್ ಹಠ ಹಿಡಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 251ರಲ್ಲಿ ಕರೆದ ಸಭೆಯಾದರೋ, ದೀರ್ಘವಾದ ಪ್ರಾಯಶ್ಚಿತ್ತದ ನಂತರ ಅವರನ್ನು ಸೇರಿಸಿಕೊಳ್ಳಬಹುದೆಂದು ತೀರ್ಮಾನಿಸಿತು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂದು ಸಾರಿದವನೂ ಇದೇ ಸಿಪ್ರಿಯನ್. ಹೊರಗೆ ರಕ್ಷಣೆಯಿಲ್ಲವೆಂದ ಮೇಲೆ ಒಳಗೆ ಬರುವ ಬಾಗಿಲನ್ನು ತೆರೆದಿಡುವ ಹೊಣೆ ತನ್ನದೆಂದು ಅವನು ಕಂಡುಕೊಂಡನು, ಮತ್ತು ಕನ್ನಡ ಕರಾವಳಿಯ ಕಥೆಯುದ್ದಕ್ಕೂ ಈ ಎರಡು ಮಾತುಗಳು ಜೊತೆಯಾಗಿಯೇ ಬರುತ್ತವೆ.

ಪೋರ್ಚುಗೀಸರು 1569ರಲ್ಲಿ ಬಸ್ರೂರನ್ನು ಹಿಡಿದು ಕೋಟೆ ಕಟ್ಟಿದರು. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಯ ಆರಂಭವನ್ನು 1570ಕ್ಕೆ ಹೇಳಲಾಗುತ್ತದೆ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1545ರಿಂದ 1563ರವರೆಗೆ, ಇಟಲಿಯ ಟ್ರೆಂಟ್ ನಗರದಲ್ಲಿ ಕ್ಯಾಥೊಲಿಕ್ ಸಭೆಯ ಮಹಾಸಮ್ಮೇಳನ ನಡೆದಿತ್ತು. ಗೋವೆಯಿಂದ ಬಂದ ಪಾದ್ರಿಗಳು ಈ ದಡಕ್ಕೆ ತಂದದ್ದು ಅಲ್ಲಿ ರೂಪುಗೊಂಡ ಬೋಧೆಯನ್ನೇ. 1547ರ ಜನವರಿ 13ರಂದು ಆ ಸಮ್ಮೇಳನವು ಹೊರಡಿಸಿದ ನಿರ್ಣಯದ ಪ್ರಕಾರ ದೀಕ್ಷಾಸ್ನಾನದಲ್ಲಿ ಮನುಷ್ಯನಿಗೆ ದೊರೆಯುವ ವರಪ್ರಸಾದವು, ಎಂದರೆ ದೇವರ ಉಚಿತವಾದ ಅನುಗ್ರಹದ ಬದುಕು, ವಿಶ್ವಾಸವನ್ನು ತೊರೆದಾಗ ಮಾತ್ರವಲ್ಲದೆ ಯಾವುದೇ ಮಾರಕ ಪಾಪದಿಂದಲೂ ನಷ್ಟವಾಗುತ್ತದೆ. ಕೊನೆಯವರೆಗೆ ತಾನು ನಿಲ್ಲುವೆನೆಂಬ ಖಚಿತತೆ ವಿಶೇಷ ದೈವಪ್ರಕಟಣೆಯಿಲ್ಲದೆ ಯಾರಿಗೂ ಇರಲಾರದು. ಆದರೂ ಬಿದ್ದವರು ಪಾಪನಿವೇದನೆಯ ಸಂಸ್ಕಾರದಿಂದ ಮತ್ತೆ ಎದ್ದೇಳಬಹುದು. ಪ್ರಾಚೀನ ಗುರುಗಳ ಉಪಮೆಯೊಂದನ್ನು ಎತ್ತಿಕೊಂಡು ಸಮ್ಮೇಳನವು ಈ ಸಂಸ್ಕಾರವನ್ನು ಹಡಗು ಒಡೆದಾಗ ಸಿಗುವ ಎರಡನೆಯ ಹಲಗೆಗೆ ಹೋಲಿಸಿತು. ಮಳೆಗಾಲದ ಕಡಲನ್ನು ಬಲ್ಲ ಗಂಗೊಳ್ಳಿಯ ಮೀನುಗಾರರಿಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊಂಕಣಿ ಮನೆಮಾತಿನ ಈ ಕ್ರೈಸ್ತರು ರಕ್ಷಣೆಯನ್ನು 'ಸಾಲ್ವಾಸಾಂವ್' ಎಂದೂ ವರಪ್ರಸಾದವನ್ನು 'ಕುರ್ಪಾ' ಎಂದೂ ಪಾಪನಿವೇದನೆಯನ್ನು 'ಕುಮ್ಸಾರ್' ಎಂದೂ ಕರೆಯುತ್ತಾರೆ. ಮೊದಲ ಮತ್ತು ಕೊನೆಯ ಮಾತುಗಳು ಪೋರ್ಚುಗೀಸಿನಿಂದ ಬಂದವು, ನಡುವಿನದು ಈ ನೆಲದ 'ಕೃಪೆ'ಯೇ. ಟ್ರೆಂಟಿನ ಬೋಧೆ ಇವರ ಬದುಕಿಗೆ ಹೇಗೆ ಇಳಿಯಿತೆಂಬುದನ್ನು ಪುಸ್ತಕಗಳಿಗಿಂತ ಸ್ಪಷ್ಟವಾಗಿ ತೋರಿಸುವುದು ಸಂಜೆಯ 'ತೇರ್ಸ್', ಎಂದರೆ ಜಪಮಣಿಯ ಪ್ರಾರ್ಥನೆ. ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಗೋಡೆಯ ಆಲ್ತಾರಿನ ಮುಂದೆ ಮೊಣಕಾಲೂರುತ್ತಾರೆ, ಮನೆಯ ಹಿರಿಯರು ಮೊದಲರ್ಧ ಹೇಳುತ್ತಾರೆ, ಉಳಿದವರು ಉತ್ತರಾರ್ಧ ಹೇಳುತ್ತಾರೆ. ಮರಿಯ ಮಾತೆಗೆ ಸಲ್ಲುವ ಆ ಪ್ರಾರ್ಥನೆ ಐದು ಹತ್ತುಗಳಾಗಿ ಐವತ್ತು ಸಲ ಆವರ್ತಿಸುತ್ತದೆ, ಮತ್ತು ಪ್ರತಿ ಸಲವೂ ಕೊನೆಗೊಳ್ಳುವುದು ಈಗಿನ ಗಳಿಗೆಗೂ ಮರಣದ ಗಳಿಗೆಗೂ ಮಾತೆಯ ಬಿನ್ನಹವನ್ನು ಬೇಡುವುದರಲ್ಲಿ. ಕೊನೆಯ ಗಳಿಗೆ ಹೇಗಿರುವುದೋ ತಿಳಿಯದೆಂಬ ಅರಿವೂ ಆ ಗಳಿಗೆಗೆ ಬೇಕಾದ ಕೃಪೆಯನ್ನು ಕೇಳಿ ಪಡೆಯಬಹುದೆಂಬ ನಂಬಿಕೆಯೂ ಒಂದೇ ಉಸಿರಿನಲ್ಲಿ ದಿನಕ್ಕೆ ಐವತ್ತು ಬಾರಿ ಬಾಯಿಗೆ ಬರುವ ಮನೆಯಲ್ಲಿ ಬೆಳೆದ ಮಗು, ಅಂತ್ಯಸ್ಥಿರತೆ, ಎಂದರೆ ಕೊನೆಯವರೆಗೆ ನಿಲ್ಲುವಿಕೆ, ಎಂಬ ಶಾಸ್ತ್ರದ ಮಾತನ್ನು ಕೇಳುವ ಮೊದಲೇ ಅದರ ಅರ್ಥವನ್ನು ಕಲಿತಿರುತ್ತದೆ. ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಒಬ್ಬೊಬ್ಬರಾಗಿ ಹೋಗಿ 'ಬೆಸಾಂವ್', ಎಂದರೆ ಆಶೀರ್ವಾದ, ಬೇಡುವ ರೂಢಿಯೂ ಇದಕ್ಕೆ ಸೇರಿದೆ.

ಕಳೆದದ್ದನ್ನು ಮರಳಿ ಕೊಡುವ ಸಂಸ್ಕಾರಕ್ಕೆ ಪಾದ್ರಿ ಬೇಕು, ಆ ಪಾದ್ರಿಗೆ ಸಭೆಯಿಂದ ಬಂದ ಅಧಿಕಾರ ಬೇಕು. ಇಲ್ಲಿಯೇ ಮೊದಲ ತೊಡಕು ಹುಟ್ಟಿತು. ಪೂರ್ವದೇಶಗಳಲ್ಲಿ ಬಿಷಪರನ್ನು ಹೆಸರಿಸುವ ಹಕ್ಕನ್ನು ಪೋಪರು ಪೋರ್ಚುಗಲ್ಲಿನ ದೊರೆಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. 1622ರಲ್ಲಿ ರೋಮ್ ಧರ್ಮಪ್ರಸಾರಕ್ಕೆಂದು ಪ್ರೊಪಗಾಂಡ ಎಂಬ ತನ್ನದೇ ಮಂಡಳಿಯನ್ನು ಸ್ಥಾಪಿಸಿತು. ಪೋರ್ಚುಗೀಸರು ಕೆನರಾ ಕರಾವಳಿಯ ಕೋಟೆಗಳನ್ನು ಕೆಳದಿಯ ಅರಸರಿಗೆ ಕಳೆದುಕೊಂಡ ಬಳಿಕ ಈ ಮಂಡಳಿಯು ಗೋವೆಯವರೇ ಆದ ಬಿಷಪ್ ತೊಮಾಸ್ ದೆ ಕಾಸ್ತ್ರೊ ಅವರನ್ನು ಕೆನರಾಕ್ಕೆ ನೇಮಿಸಿತು. ಗೋವೆಯ ಆರ್ಚ್‌ಬಿಷಪರ ಪಕ್ಷವು ಅವರ ಅಧಿಕಾರವನ್ನು ಒಪ್ಪಲಿಲ್ಲ. ಜನಸಾಮಾನ್ಯರ ಮಟ್ಟದಲ್ಲಿ ಇದರ ಪರಿಣಾಮ ಭೀಕರವಾಗಿತ್ತು. ಅಧಿಕಾರವಿಲ್ಲದ ಪಾದ್ರಿ ಕೊಟ್ಟ ಪಾಪಕ್ಷಮೆ ನಿಲ್ಲದು ಎಂಬ ಮಾತು ನಿಜವಾದರೆ, ಕುಮ್ಸಾರ್ ಮಾಡಿ ನಿಶ್ಚಿಂತೆಯಿಂದ ಮನೆಗೆ ಬಂದವನ ಪಾಪ ಇನ್ನೂ ಅವನ ಮೇಲೆಯೇ ಇದೆ ಎಂದಾಗುತ್ತದೆ.

ಗೋವೆಯ ಯುವ ಗುರು ಜೋಸೆಫ್ ವಾಜ್ 1681ರಲ್ಲಿ ಕೆನರಾ ಮಿಷನ್ನಿನ ಮುಖ್ಯಸ್ಥರಾಗಿ ಬಂದದ್ದು ಈ ಗೊಂದಲದ ನಡುವೆ. ಅವರು ಗೋವೆಯ ಕಡೆಯವರು. ಆದರೂ ಪ್ರತಿಪಕ್ಷದ ಬಿಷಪರೊಡನೆ ಮಾತುಕತೆ ನಡೆಸಿ, ಭಕ್ತರ ಸಂಸ್ಕಾರಗಳ ಬಗ್ಗೆ ಸಂಶಯ ಉಳಿಯದಂತಹ ಹೊಂದಾಣಿಕೆಯನ್ನು ಸಾಧಿಸಲು ಶ್ರಮಿಸಿದರು. 1684ರವರೆಗೆ ಮಂಗಳೂರು, ಬಸ್ರೂರು, ಬಾರ್ಕೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಓಡಾಡಿ ಒಡೆದ ಸಭೆಗಳನ್ನು ಕೂಡಿಸಿದರು. ಮುಂದೆ ಶ್ರೀಲಂಕಾದಲ್ಲಿ ಅವರು ಮಾಡಿದ ಸೇವೆ ಜಗತ್ತಿಗೆ ಗೊತ್ತು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಈ ಕರಾವಳಿಯಲ್ಲಿ ಕಳೆದ ಆ ಮೂರು ವರ್ಷಗಳನ್ನು ಅವರ ಚರಿತ್ರೆಯ ಪೀಠಿಕೆಯಷ್ಟೇ ಎಂದು ಓದುವುದು ಅನ್ಯಾಯವಾದೀತು, ಏಕೆಂದರೆ ಹಕ್ಕಿನ ಜಗಳಕ್ಕಿಂತ ಭಕ್ತರ ಮನಸ್ಸಾಕ್ಷಿಯ ನೆಮ್ಮದಿ ದೊಡ್ಡದೆಂಬ ಅವರ ನಿಲುವು ಗಟ್ಟಿಯಾದದ್ದು ಇಲ್ಲಿ.

ಎರಡನೆಯ ತೊಡಕು ಇದಕ್ಕಿಂತ ಆಳವಾದದ್ದು. ಎರಡನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು 1784ರ ಫೆಬ್ರವರಿಯ ಒಂದು ದಿನ ಅವರನ್ನು ಸೆರೆಹಿಡಿಯಿಸಿದನು. ಅಂದು 'ಗೊಬ್ರಾಚೊ ಬುಧ್ವಾರ್', ಎಂದರೆ ಬೂದಿ ಬುಧವಾರ. ಮಣ್ಣಿಗೆ ಮರಳಬೇಕಾದವರೆಂಬ ನೆನಪಿಗಾಗಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ, ತಪಸ್ಸುಕಾಲದ ಮೊದಲ ದಿನ. ಸೆರೆಯಾದವರ ಸಂಖ್ಯೆಯನ್ನು ಕೆಲವು ದಾಖಲೆಗಳು 30,000 ಎಂದರೆ ಕೆಲವು 80,000ದವರೆಗೆ ಒಯ್ಯುತ್ತವೆ. ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಲಾಯಿತು, ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು, ಅನೇಕರನ್ನು ಸುನ್ನತಿ ಮಾಡಿಸಿ ಮತಾಂತರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರಲ್ಲಿ ಒಂದು ಪಾಲು ಕರಾವಳಿಗೆ ಮರಳಿತು. ಹೀಗೆ ಮರಳಿದ ಬಾರ್ಕೂರಿನ ಕ್ರೈಸ್ತನೊಬ್ಬನು ಆ ಅನುಭವವನ್ನು ಕನ್ನಡದಲ್ಲಿ ಬರೆದಿಟ್ಟನು. ಚರಿತ್ರಕಾರರು ಅದನ್ನು ಬಾರ್ಕೂರು ಹಸ್ತಪ್ರತಿ ಎಂದು ಕರೆಯುತ್ತಾರೆ. ಕೊಂಕಣಿ ಮನೆಮಾತಿನವನು ತನ್ನ ಸಮುದಾಯದ ಅತಿ ದೊಡ್ಡ ದುಃಖವನ್ನು ದಾಖಲಿಸಲು ಕನ್ನಡವನ್ನು ಆರಿಸಿಕೊಂಡನೆಂಬುದನ್ನು ಗಮನಿಸದೆ ಮುಂದೆ ಹೋಗಲಾಗದು.

ಹದಿನೈದು ವರ್ಷ ಪಾದ್ರಿಯಿಲ್ಲದೆ, ಬಲಿಪೂಜೆಯಿಲ್ಲದೆ, ಹೆಸರೂ ಬದಲಾಗಿ ಬದುಕಿದವರ ರಕ್ಷಣೆ ಉಳಿದಿತ್ತೇ? ಡೇಸಿಯಸನ ಕಾಲದ 'ಬಿದ್ದವರ' ಪ್ರಶ್ನೆಯೇ ಇಲ್ಲಿ ಕನ್ನಡ ನೆಲದಲ್ಲಿ ಮತ್ತೆ ಎದ್ದಿತು. ಕ್ಯಾಥೊಲಿಕ್ ಬೋಧೆಯಲ್ಲಿ ಇದಕ್ಕೆ ಮೂರು ಎಳೆಗಳ ಉತ್ತರವಿದೆ. ಪಾಪವು ಮಾರಕವಾಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಮಾಡುವವನಿಗೆ ಅದರ ಪೂರ್ಣ ಅರಿವಿರಬೇಕು, ಅವನ ಪೂರ್ಣ ಸಮ್ಮತಿಯೂ ಇರಬೇಕು. ಕೈಕಾಲು ಹಿಡಿದು ನಡೆಸಿದ ಕ್ರಿಯೆಗೆ ಸಮ್ಮತಿಯೇ ಇಲ್ಲ, ಪ್ರಾಣಭಯದಿಂದ ಒಪ್ಪಿದವನ ಹೊಣೆಯೂ ಬಹಳ ಮಟ್ಟಿಗೆ ತಗ್ಗುತ್ತದೆ. ಎರಡನೆಯದಾಗಿ, ದೀಕ್ಷಾಸ್ನಾನವು ಆತ್ಮದ ಮೇಲೆ ಅಳಿಯದ ಮುದ್ರೆಯೊಂದನ್ನು ಒತ್ತುತ್ತದೆಂದೂ ಆದ್ದರಿಂದ ಅದನ್ನು ಎರಡನೆಯ ಬಾರಿ ಕೊಡುವಂತಿಲ್ಲವೆಂದೂ ಟ್ರೆಂಟ್ ಹೇಳಿತ್ತು. ವರಪ್ರಸಾದ ಹೋದರೂ ಮುದ್ರೆ ಹೋಗದಾದ್ದರಿಂದ ಮರಳಿ ಬಂದವನು ಹೊರಗಿನವನಲ್ಲ, ಮನೆಬಿಟ್ಟು ಹೋಗಿ ಬಂದ ಮಗ. ಮೂರನೆಯದು ಸೆರೆಯಲ್ಲಿದ್ದವರಿಗೆ ಅತ್ಯಂತ ಹತ್ತಿರದ್ದು: ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪವು, ಸಾಧ್ಯವಾದಾಗ ಪಾಪನಿವೇದನೆ ಮಾಡುವೆನೆಂಬ ಸಂಕಲ್ಪವನ್ನು ಒಳಗೊಂಡಿದ್ದರೆ, ಪಾದ್ರಿ ಸಿಗುವ ಮೊದಲೇ ಮನುಷ್ಯನನ್ನು ದೇವರೊಡನೆ ರಾಜಿಗೊಳಿಸುತ್ತದೆ ಎಂದು 1551ರಲ್ಲಿ ಅದೇ ಸಮ್ಮೇಳನ ಬೋಧಿಸಿತ್ತು. ಪಾದ್ರಿ ಇಲ್ಲದೆಡೆ ಯಾರು ಬೇಕಾದರೂ ನೀರೆರೆದು ಕೂಸಿಗೆ ದೀಕ್ಷಾಸ್ನಾನ ಕೊಡಬಹುದೆಂಬ ಹಳೆಯ ನಿಯಮವೂ ಇತ್ತು.

ಎಲ್ಲರೂ ಮರಳಲಿಲ್ಲ. ಹೊಸ ಮತದಲ್ಲಿ ಮದುವೆಯಾಗಿ, ಮಕ್ಕಳನ್ನು ಪಡೆದು, ಅಲ್ಲಿಯೇ ಬೇರುಬಿಟ್ಟವರೂ ಇದ್ದರು. ಮರಳಿದವರು ಮರಳದವರ ಬಗ್ಗೆ ತೀರ್ಪು ಕೊಡಲು ಹೋಗದೆ ಬಿದ್ದ ಇಗರ್ಜಿಗಳನ್ನು ಮತ್ತೆ ಕಟ್ಟುವುದಕ್ಕೆ ತೊಡಗಿದರೆಂಬುದು ಅವರ ವಿವೇಕ.

ಪ್ರೊಟೆಸ್ಟೆಂಟ್ ಬೋಧೆ ಈ ಜಿಲ್ಲೆಗೆ ತಡವಾಗಿ ಬಂದಿತು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. 1854ರಲ್ಲಿ ಉಡುಪಿಯಲ್ಲಿ ಮಿಷನ್ನಿನ ಠಾಣೆ ಆರಂಭವಾಯಿತು. ಈ ಮಿಷನ್ನಿನವರಲ್ಲಿ ಲೂಥರನ ಪರಂಪರೆ, ಕ್ಯಾಲ್ವಿನ್ನನ ಪರಂಪರೆ ಎರಡೂ ಬೆರೆತಿದ್ದವು, ಆದರೆ ನಮ್ಮ ಪ್ರಶ್ನೆಯ ಮಟ್ಟಿಗೆ ಆ ಎರಡೂ ಒಂದಲ್ಲ. ಲೂಥರನ ಪಕ್ಷವು 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯ ಹನ್ನೆರಡನೆಯ ವಿಧಿಯಲ್ಲಿ, ಒಮ್ಮೆ ನೀತಿವಂತರೆನಿಸಿದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರು ಎಂಬ ವಾದವನ್ನು ತಿರಸ್ಕರಿಸಿತು. ಕ್ಯಾಲ್ವಿನ್ನನ ಅನುಯಾಯಿಗಳಾದರೋ 1618–19ರಲ್ಲಿ ನೆದರ್‌ಲ್ಯಾಂಡ್ಸಿನ ಡಾರ್ಟ್ ಸಭೆಯಲ್ಲಿ, ದೇವರು ಆರಿಸಿಕೊಂಡವರು ಗಂಭೀರವಾಗಿ ಎಡವಿದರೂ ಕೊನೆಗೆ ಬಿದ್ದುಹೋಗಲಾರರು, ಆತನೇ ಅವರನ್ನು ಉಳಿಸುತ್ತಾನೆ ಎಂದು ಸ್ಥಾಪಿಸಿದರು. ಒಮ್ಮೆ ದಕ್ಕಿದ ರಕ್ಷಣೆ ಎಂದೆಂದಿಗೂ ದಕ್ಕಿದ್ದೇ ಎಂದು ಇಂದು ಕೆಲವು ಸಭೆಗಳಲ್ಲಿ ಕೇಳಿಬರುವ ಬೋಧೆಗೆ ಮೂಲ ಇಲ್ಲಿದೆ. ಆದರೆ ಡಾರ್ಟಿನ ಮಾತಿನಲ್ಲಿದ್ದ ಎಚ್ಚರವನ್ನು ಆ ಸರಳೀಕರಣ ಬಹುಮಟ್ಟಿಗೆ ಕಳೆದುಕೊಂಡಿದೆ.

ಬಾಸೆಲ್ ಮಿಷನ್ನು ವಾದಕ್ಕಿಂತ ಶಿಸ್ತಿಗೆ ಹೆಚ್ಚು ಮಹತ್ವ ಕೊಟ್ಟಿತು. ಉಡುಪಿ ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿ ಇಳಿಸುವ ಮೂರ್ತೆಯ ಕಸುಬನ್ನು ಅವರು ಬಿಡಬೇಕಿತ್ತು, ಭೂತದ ಕೋಲಗಳಿಂದ ದೂರ ನಿಲ್ಲಬೇಕಿತ್ತು. ಹೀಗೆ ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿಯೆಂದು ನೇಯ್ಗೆಯೂ ಹಂಚಿನ ಕಾರ್ಖಾನೆಗಳೂ ಹುಟ್ಟಿಕೊಂಡವು. ಮಲ್ಪೆಯಲ್ಲಿ 1886ರಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಜಾರಿದವರನ್ನು ಸಭೆಯು ಕರ್ತನ ಭೋಜನದಿಂದ ದೂರವಿಡುತ್ತಿತ್ತು, ಪಶ್ಚಾತ್ತಾಪ ಕಂಡಾಗ ಮರಳಿ ಸೇರಿಸುತ್ತಿತ್ತು. ಮಿಷನ್ನಿನ ವಾರ್ಷಿಕ ವರದಿಗಳ ಅಂಕಿಪಟ್ಟಿಗಳಲ್ಲಿ ಹೊಸದಾಗಿ ಬಂದವರ ಜೊತೆಗೆ ಹೊರಹಾಕಲ್ಪಟ್ಟವರಿಗೂ ಮರಳಿ ಸೇರಿದವರಿಗೂ ಪ್ರತ್ಯೇಕ ಕಲಮುಗಳು ಇರುತ್ತಿದ್ದವು. ರಕ್ಷಣೆ ಶಾಶ್ವತವೋ ಅಲ್ಲವೋ ಎಂಬುದನ್ನು ದೇವರಿಗೆ ಬಿಟ್ಟರೂ ಸಭೆಯ ಪಂಕ್ತಿಯಲ್ಲಿ ಕೂರುವ ಹಕ್ಕು ಕಳೆದುಹೋಗುವಂಥದ್ದೆಂದು ಆ ಕಲಮುಗಳು ಹೇಳುತ್ತಿದ್ದವು.

ಈ ಎಲ್ಲಕ್ಕಿಂತ ಹೆಚ್ಚು ನೋವಿನದೂ ಹೆಚ್ಚು ಅರ್ಥಪೂರ್ಣವೂ ಆದದ್ದು ಬ್ರಹ್ಮಾವರದ ಪ್ರಕರಣ. ಜೋಸೆಫ್ ವಾಜ್ ಹೊಲಿದಿದ್ದ ಪದ್ರುವಾದೊ–ಪ್ರೊಪಗಾಂಡ ಹರಕು ಎರಡು ಶತಮಾನಗಳ ನಂತರ ಮತ್ತೆ ಬಿಚ್ಚಿಕೊಂಡಿತು. 1886ರಲ್ಲಿ ಪೋಪ್ ಹದಿಮೂರನೆಯ ಲಿಯೊ ಪೋರ್ಚುಗಲ್ಲಿನೊಡನೆ ಮಾಡಿಕೊಂಡ ಒಪ್ಪಂದದ ಬಳಿಕ ಭಾರತದಲ್ಲಿ ಹೊಸ ಧರ್ಮಪ್ರಾಂತ್ಯಗಳ ವ್ಯವಸ್ಥೆ ಜಾರಿಗೆ ಬಂದು, ದಕ್ಷಿಣ ಕನ್ನಡದಲ್ಲಿ ಗೋವೆಯ ಅಧೀನದಲ್ಲಿದ್ದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ತಲೆಮಾರುಗಳಿಂದ ಗೋವೆಯನ್ನೇ ತಾಯಿಸಭೆಯೆಂದು ನಂಬಿದ ಕಲ್ಯಾಣಪುರ–ಬ್ರಹ್ಮಾವರ ಪರಿಸರದ ಅನೇಕ ಕುಟುಂಬಗಳು ಈ ವರ್ಗಾವಣೆಯನ್ನು ಒಪ್ಪಲಿಲ್ಲ. ಗೋವೆಯ ವೆರ್ಣದಲ್ಲಿ 1836ರಲ್ಲಿ ಹುಟ್ಟಿದ, ಬಡವರ ಸೇವೆಗೂ ಪತ್ರಿಕಾವೃತ್ತಿಗೂ ಹೆಸರಾದ ಪಾದ್ರಿ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್ ಈ ಪ್ರತಿರೋಧದ ನಾಯಕರಾದರು. ಕೇರಳದ ಪೌರಸ್ತ್ಯ ಸಭೆಯಾದ ಮಲಂಕರ ಸಭೆಯನ್ನು ಆಶ್ರಯಿಸಿದ ಅವರನ್ನು 1889ರ ಜುಲೈನಲ್ಲಿ ಕೊಟ್ಟಾಯಂನಲ್ಲಿ, ಅಂತಿಯೋಕ್ಯದ ಕುಲಪತಿಯ ಒಪ್ಪಿಗೆಯಿಂದ, ಗೋವೆ, ಭಾರತ ಮತ್ತು ಸಿಲೋನಿನ ಮೆಟ್ರೊಪಾಲಿಟನ್ ಆಗಿ ಅಭಿಷೇಕಿಸಲಾಯಿತು. ಮಾರ್ ಜೂಲಿಯಸ್ ಎಂಬ ಹೆಸರು ದೊರೆಯಿತು. ಬ್ರಹ್ಮಾವರದಲ್ಲಿ ಈ ಸಮುದಾಯವನ್ನು ಸುಮಾರು ಅರ್ಧ ಶತಮಾನ ಕಾಲ ಕಾಪಾಡಿದವರು 1936ರಲ್ಲಿ ತೀರಿಕೊಂಡ ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹ.

ರೋಮ್ ಆಲ್ವಾರಿಸರಿಗೆ ಬಹಿಷ್ಕಾರ ಹಾಕಿತು. ಬಹಿಷ್ಕಾರವೆಂದರೆ ಸಭೆಯ ಸಂಸ್ಕಾರಗಳಿಂದ ಹೊರಗಿಡುವ ಶಿಕ್ಷೆ. ಅದು ಯಾರನ್ನೂ ನರಕಕ್ಕೆ ಕಳುಹಿಸುವ ತೀರ್ಪಲ್ಲ, ತಪ್ಪಿದವನನ್ನು ಮರಳಿಸುವ ಔಷಧ ಎಂದೇ ಧರ್ಮಶಾಸ್ತ್ರ ಹೇಳುತ್ತದೆ. ಆದರೆ ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವರಿಗೆ ಈ ಸೂಕ್ಷ್ಮ ಕಾಣುವುದು ಕಷ್ಟ. ಒಂದೇ ವಾಡೆಯಲ್ಲಿ, ಒಂದೇ ಮನೆತನದಲ್ಲಿ ಅಣ್ಣ ಮಂಗಳೂರಿನ ಕಡೆಗೂ ತಮ್ಮ ಬ್ರಹ್ಮಾವರದ ಕಡೆಗೂ ನಿಂತಾಗ ಸಾವಿನ ಮನೆಯಲ್ಲಿ ಏಳುತ್ತಿದ್ದ ಪ್ರಶ್ನೆ ಆಸ್ತಿಯದಲ್ಲ, ಆತ್ಮದ್ದು. ಸಭೆಯಿಂದ ಬೇರೆಯಾಗಿ ಸತ್ತವರಿಗೆ ಸಭೆಯ ಅಂತ್ಯವಿಧಿ ಸಲ್ಲದೆಂಬ ಹಳೆಯ ನಿಯಮವನ್ನು 1917ರ ಧರ್ಮಸಂಹಿತೆಯೂ 1240ನೆಯ ವಿಧಿಯಲ್ಲಿ ಉಳಿಸಿಕೊಂಡಿತ್ತು.

ಬ್ರಹ್ಮಾವರದವರು ಮತ್ತು ಕಲ್ಯಾಣಪುರದವರು ರಕ್ಷಣೆಯ ಸಿದ್ಧಾಂತದಲ್ಲಿ ಭಿನ್ನರಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಪೌರಸ್ತ್ಯ ಸಭೆಗಳಿಗೂ ರಕ್ಷಣೆಯು ಒಂದು ಗಳಿಗೆಯಲ್ಲಿ ಮುಗಿದುಹೋಗುವ ವ್ಯವಹಾರವಲ್ಲ, ದೇವರ ಸ್ವಭಾವದಲ್ಲಿ ಪಾಲುಗೊಳ್ಳುತ್ತ ಕೊನೆಯವರೆಗೆ ನಡೆಯುವ ದಾರಿ. ನಡೆಯುವವನು ಆ ದಾರಿಯಿಂದ ಸರಿದುಹೋಗಬಲ್ಲ. ಬ್ರಹ್ಮಾವರದವರು ದೀರ್ಘಕಾಲ ತಮ್ಮ ಹಳೆಯ ಲತೀನ್ ಪೂಜಾವಿಧಿಯನ್ನೂ ಕೊಂಕಣಿಯ ಪ್ರಾರ್ಥನೆಗಳನ್ನೂ ಬಿಡಲಿಲ್ಲ. ರಕ್ಷಣೆ ಕಳೆದುಹೋಗಬಹುದೆಂದು ಇಬ್ಬರೂ ನಂಬಿದ್ದರು. ಬೀಗದ ಕೈ ಯಾರ ಬಳಿ ಇದೆ ಎಂಬುದರಲ್ಲಿ ಮಾತ್ರ ಅವರು ಬೇರೆಯಾದರು, ಮತ್ತು ನಂಬಿಕೆ ಒಂದೇ ಆಗಿದ್ದುದರಿಂದಲೇ ಆ ಜಗಳ ಅಷ್ಟು ತೀವ್ರವಾಯಿತು.

ಆಲ್ವಾರಿಸರ ಕೊನೆಯ ದಿನಗಳು ಈ ಪ್ರಶ್ನೆಯನ್ನು ಒಬ್ಬನೇ ಮನುಷ್ಯನ ಹಾಸಿಗೆಯ ಬಳಿಗೆ ತಂದು ನಿಲ್ಲಿಸಿದವು. ರಿಬಂದರಿನ ಆಸ್ಪತ್ರೆಯಲ್ಲಿ ಮಲಗಿದ್ದ ಅವರನ್ನು ರೋಮಿನ ಸಭೆಗೆ ಮರಳಿಸಲು ಗೋವೆಯ ಧರ್ಮಾಧಿಕಾರಿಗಳು ಪಾದ್ರಿಯ ಮೂಲಕ ಪ್ರಯತ್ನಿಸಿದರು. ಕಳಿಸಿದವರ ದೃಷ್ಟಿಯಲ್ಲಿ ಅದು ಕೊನೆಯ ಗಳಿಗೆಯಲ್ಲಿ ನೀಡಿದ ಎರಡನೆಯ ಹಲಗೆ. ಮಲಗಿದ್ದವರ ದೃಷ್ಟಿಯಲ್ಲಿ ಅದನ್ನು ಹಿಡಿಯುವುದೆಂದರೆ ಮೂವತ್ತನಾಲ್ಕು ವರ್ಷಗಳ ಮನಸ್ಸಾಕ್ಷಿಯನ್ನೂ ತಮ್ಮನ್ನು ನಂಬಿ ಬಂದ ಬ್ರಹ್ಮಾವರದ ಕುಟುಂಬಗಳನ್ನೂ ನೀರಿಗೆ ಬಿಡುವುದು. ಅವರು ಒಪ್ಪಲಿಲ್ಲ. 1923ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಅವರ ದೇಹವನ್ನು ಪಣಜಿಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಲಾಯಿತು. ಬಡವರು, ಭಿಕ್ಷುಕರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಸೇಂಟ್ ಇನೆಸ್ ಶ್ಮಶಾನದ ಒಂದು ಮೂಲೆಯಲ್ಲಿ, ಯಾವ ಅಂತ್ಯವಿಧಿಯೂ ಇಲ್ಲದೆ, ಅವರನ್ನು ಮಣ್ಣು ಮಾಡಲಾಯಿತು. ಅವರ ಅಸ್ಥಿಗಳು ಈಗ ರಿಬಂದರಿನ ಆರ್ಥೊಡಾಕ್ಸ್ ಇಗರ್ಜಿಯಲ್ಲಿವೆ, ಮತ್ತು ಬ್ರಹ್ಮಾವರದ ಸಮುದಾಯ ಅವರನ್ನು ಪೂಜ್ಯರೆಂದು ಸ್ಮರಿಸುತ್ತದೆ.

ಮುಂದಿನ ಕಾಲ ಗೋಡೆಯನ್ನು ನಿಧಾನವಾಗಿ ತಗ್ಗಿಸಿತು. ಎರಡನೆಯ ವ್ಯಾಟಿಕನ್ ಸಮ್ಮೇಳನವು 1964ರ ನವೆಂಬರ್ 21ರಂದು ಹೊರಡಿಸಿದ ಐಕ್ಯತೆಯ ನಿರ್ಣಯದಲ್ಲಿ, ಬೇರೆಯಾದ ಸಭೆಗಳಲ್ಲಿ ಹುಟ್ಟಿ ಬೆಳೆದವರ ಮೇಲೆ ಬೇರ್ಪಡೆಯ ಪಾಪವನ್ನು ಹೊರಿಸುವಂತಿಲ್ಲವೆಂದೂ ಕ್ರಿಸ್ತನ ಆತ್ಮನು ಆ ಸಭೆಗಳನ್ನೂ ರಕ್ಷಣೆಯ ಸಾಧನಗಳಾಗಿ ಬಳಸದೆ ಬಿಟ್ಟಿಲ್ಲವೆಂದೂ ಹೇಳಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳೂ ಕ್ಯಾಥೊಲಿಕ್ ಸಭೆಯೂ ನೀತೀಕರಣದ ಬಗ್ಗೆ, ಎಂದರೆ ದೇವರು ಪಾಪಿಯನ್ನು ನೀತಿವಂತನೆಂದು ಸ್ವೀಕರಿಸುವ ಬಗ್ಗೆ, ಜಂಟಿ ಘೋಷಣೆಗೆ ಸಹಿ ಹಾಕಿದವು. ಮಲಂಕರ ಆರ್ಥೊಡಾಕ್ಸ್ ಸಭೆಯಲ್ಲಿ ಬ್ರಹ್ಮಾವರವು 2010ರಲ್ಲಿ ಒಂದು ಧರ್ಮಪ್ರಾಂತ್ಯದ ಕೇಂದ್ರವಾಯಿತು. ಎರಡು ವರ್ಷಗಳ ನಂತರ, 2012ರಲ್ಲಿ, ಉಡುಪಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ ರಚನೆಯಾಗಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಅದರ ಪ್ರಧಾನಾಲಯವಾಯಿತು. ಒಂದು ಕಾಲಕ್ಕೆ ಒಂದೇ ಆಗಿದ್ದ ಜನರ ಎರಡು ಪೀಠಗಳು ಇಂದು ಒಂದೇ ಹೆದ್ದಾರಿಯ ಮೇಲೆ ಕೆಲವೇ ಕಿಲೋಮೀಟರು ಅಂತರದಲ್ಲಿವೆ.

1983ರಲ್ಲಿ ಹೊಸದಾಗಿ ಜಾರಿಗೆ ಬಂದ ಕ್ಯಾಥೊಲಿಕ್ ಧರ್ಮಸಂಹಿತೆಯ 844ನೆಯ ವಿಧಿ ಹಳೆಯ 1240ನೆಯ ವಿಧಿಯ ಪಕ್ಕದಲ್ಲಿಟ್ಟು ಓದುವಂಥದ್ದು. ಪೌರಸ್ತ್ಯ ಸಭೆಗಳ ಸದಸ್ಯರು ತಾವಾಗಿ ಕೇಳಿಕೊಂಡರೆ ಮತ್ತು ತಕ್ಕ ಮನಃಸ್ಥಿತಿಯಲ್ಲಿದ್ದರೆ ಕ್ಯಾಥೊಲಿಕ್ ಗುರು ಅವರಿಗೆ ಪಾಪಕ್ಷಮೆಯನ್ನೂ ಪರಮಪ್ರಸಾದವನ್ನೂ ರೋಗಿಗಳ ಅಭ್ಯಂಗವನ್ನೂ ಕೊಡಬಹುದೆಂದು ಅದು ಹೇಳುತ್ತದೆ. ತನ್ನ ಗುರು ಸಿಗಲಾರದ ಇಕ್ಕಟ್ಟಿನಲ್ಲಿ ಕ್ಯಾಥೊಲಿಕನೂ ಅವರ ಗುರುವಿನಿಂದ ಅವನ್ನು ಪಡೆಯಬಹುದು. ರಿಬಂದರಿನ ಆಸ್ಪತ್ರೆಯಲ್ಲಿ 1923ರಲ್ಲಿ ಪಕ್ಷ ಬದಲಿಸಿದರೆ ಮಾತ್ರ ಸಿಗುವಂತಿದ್ದ ಆ ಅಭ್ಯಂಗದ ಎಣ್ಣೆ, ಬ್ರಹ್ಮಾವರದ ರೋಗಿಯೊಬ್ಬರು ಇಂದು ಕೇಳಿಕೊಂಡರೆ, ಅವರು ತಮ್ಮ ಸಭೆಯಲ್ಲಿ ಉಳಿದೇ ಅವರ ಹಣೆಗೆ ತಲುಪಬಹುದು.